ವೀರರಾಜನ ಹಣ, ಕಂಪನಿಯ ಕೀಲಿ

ಮೊಬೈಲ್ ಫೋನಿನಲ್ಲಿ ಇಡುವ ಗುಪ್ತ ಕ್ರಿಪ್ಟೋ ನಾಣ್ಯಗಳಿಗೆ ಮುಂದೆ ಯಾವ ಸೌಕರ್ಯ ಸೇರಿಸಬೇಕೆಂಬ ಚರ್ಚೆ ಕಂಡಾಗಲೆಲ್ಲ ನನಗೆ ವಿರಾಜಪೇಟೆ ನೆನಪಾಗುತ್ತದೆ. ಇಂಗ್ಲಿಷ್ ಸೇನಾಪತಿ ಅಬರ್‌ಕ್ರಾಂಬಿಯ ಭೇಟಿಯ ನೆನಪಿಗೆಂದು ದೊಡ್ಡವೀರರಾಜೇಂದ್ರನು 1792ರಲ್ಲಿ ಕಟ್ಟಿಸಿದ ಪೇಟೆಯದು. ಆ ಸ್ನೇಹವನ್ನು ನಂಬಿ ಅರಮನೆಯ ಹಣ ಈಸ್ಟ್ ಇಂಡಿಯಾ ಕಂಪನಿಯ ಸಾಲಪತ್ರಗಳಿಗೆ ಹೋಯಿತು. 1834ರಲ್ಲಿ ಅದೇ ಕಂಪನಿ ಕೊಡಗನ್ನು ಗೆದ್ದು, ಚಿಕವೀರರಾಜೇಂದ್ರನನ್ನು ಪಟ್ಟದಿಂದಿಳಿಸಿ, ತಾನೇ ಬರೆದುಕೊಟ್ಟಿದ್ದ ಪತ್ರಗಳನ್ನೂ ವಶಪಡಿಸಿಕೊಂಡಿತು. ಸಾಲಗಾರನೇ ಪತ್ರ ಕಿತ್ತುಕೊಂಡರೆ ಯಾರಲ್ಲಿ ದೂರುವುದು? ಅರಸನು 1852ರಲ್ಲಿ ಮಗಳು ಗೌರಮ್ಮನೊಡನೆ ಲಂಡನ್ನಿಗೆ ಹೋದ. ಹಣಕ್ಕಾಗಿ ದಾವೆ ನಡೆಸಿದ. 1859ರಲ್ಲಿ ಅಲ್ಲಿಯೇ ತೀರಿಕೊಂಡ. ಮರುವರ್ಷ ಚಾನ್ಸರಿ ನ್ಯಾಯಾಲಯವು, ಇದು ರಾಜ್ಯಾಧಿಕಾರದಿಂದ ನಡೆದ ಕೃತ್ಯ, ನಮ್ಮ ವಿಚಾರಣೆಗೆ ಬಾರದು ಎಂದು ದಾವೆಯನ್ನು ವಜಾ ಮಾಡಿತು. ಕಾನೂನು ಬಲ್ಲವರು ಒಪ್ಪಬಹುದು; ನನಗಂತೂ ಅದು ನ್ಯಾಯವೆನಿಸಿಲ್ಲ.

2014ರ ಮೊನೆರೊ, 2016ರ ಜೀಕ್ಯಾಶ್ ಮೊದಲಾದ ನಾಣ್ಯಗಳಲ್ಲಿ ಪತ್ರ ಬರೆದುಕೊಡುವ ಕಂಪನಿಯೇ ಇಲ್ಲ. ಲೆಕ್ಕದ ಪುಸ್ತಕ ಸಾವಿರಾರು ಕಂಪ್ಯೂಟರುಗಳಲ್ಲಿದ್ದರೂ ಯಾರು ಯಾರಿಗೆ ಎಷ್ಟು ಕೊಟ್ಟರೆಂಬುದನ್ನು ಪರರ ಕಣ್ಣಿಗೆ ಮರೆಮಾಡಬಹುದು. ಹಣ ತೆಗೆಯುವ ಕೀಲಿ ಒಂದು. ಲೆಕ್ಕ ನೋಡುವ ಕೀಲಿ ಇನ್ನೊಂದು. ಈ ಎರಡನೆಯದನ್ನು ಮೊಬೈಲ್ ವ್ಯಾಲೆಟ್ಟಿನಲ್ಲಿ ಸಾಮಾನ್ಯರ ಕೈಗೆಟುಕುವಂತೆ ಮಾಡುವುದೇ ಮೊದಲ ಕೆಲಸವಾಗಲಿ ಎಂದು ನನ್ನ ಮತ. ತೆರಿಗೆಯವರಿಗೋ ಮಗಳಿಗೋ ಲೆಕ್ಕ ತೋರಿಸಬಹುದು. ನೋಡಿದವರು ಹಣ ಮುಟ್ಟಲಾರರು. ತೆಗೆಯುವ ಕೀಲಿಯೇ ಕಳೆದುಹೋದರೆ? ದಾವೆ ಹೂಡಲು ಅಲ್ಲಿ ಪ್ರತಿವಾದಿಯೇ ಇಲ್ಲ. ಆದ್ದರಿಂದ ಅದರ ಪ್ರತಿಯೊಂದನ್ನು ವಾರಸುದಾರರಿಗೆ ತಲುಪಿಸುವ ಏರ್ಪಾಡೂ ಅದೇ ವ್ಯಾಲೆಟ್ಟಿನಲ್ಲಿ ಇರಬೇಕು.