ಓಡ್ತಾ ಓಡ್ತಾ ಕಾರು ಆಫ್ ಆಗ್ತಿದೆಯಾ? ಗ್ಯಾರೇಜಿಗೆ ದುಡ್ಡು ಸುರಿಯೋ ಮೊದಲು ಇಷ್ಟು ನೋಡ್ಕೊಳ್ಳಿ

ಬೆಳಗ್ಗೆ ಎಪಿಎಂಸಿಗೆ ಹೊರಟ ಗಾಡಿ ಅರ್ಧ ದಾರಿಯಲ್ಲಿ ತಾನಾಗೇ ಆಫ್. ಹತ್ತು ನಿಮಿಷ ಬಿಟ್ಟು ಸೆಲ್ಫ್ ಹೊಡೆದರೆ ಏನೂ ಆಗೇ ಇಲ್ಲ ಅನ್ನೋ ಹಾಗೆ ಸ್ಟಾರ್ಟ್. ಗ್ಯಾರೇಜಿಗೆ ಒಯ್ದರೆ ಅಲ್ಲಿ ಒಂದು ಸಲವೂ ನಿಲ್ಲಲ್ಲ. ಹೀಗೆ ಬಂದು ಹೋಗುವ ತೊಂದರೆಗೆ ಅಂದಾಜಿನ ಮೇಲೆ ಪಾರ್ಟ್ ಬದಲಿಸುತ್ತಾ ಹೋದರೆ ಖರ್ಚು ಬೆಳೆಯುತ್ತದೆ, ಕಾಯಿಲೆ ಹಾಗೇ ಉಳಿಯುತ್ತದೆ. ಗಾಡಿ ಯಾವಾಗ, ಹೇಗೆ ನಿಲ್ಲುತ್ತದೆ ಎಂದು ಮಾಲೀಕರು ಸರಿಯಾಗಿ ಗಮನಿಸಿದರೆ ಮೆಕ್ಯಾನಿಕ್ ಕೆಲಸ ಅರ್ಧ ಮುಗಿದಂತೆ.

ಮೊದಲು ಜೀವ, ಆಮೇಲೆ ಗಾಡಿ

ಓಡುವಾಗ ಎಂಜಿನ್ ನಿಂತರೆ ಎರಡು ಸಂಗತಿ ಆಗುತ್ತವೆ. ಪವರ್ ಸ್ಟೇರಿಂಗ್ ಗಟ್ಟಿಯಾಗುತ್ತದೆ. ಬ್ರೇಕಿಗೆ ಸಿಗುವ ನೆರವು ಒಂದೆರಡು ಸಲ ಒತ್ತುವಷ್ಟು ಮಾತ್ರ ಉಳಿದಿರುತ್ತದೆ. ಹಾಗಾಗಿ:

- ಬ್ರೇಕನ್ನು ಪದೇ ಪದೇ ಪಂಪ್ ಮಾಡಬೇಡಿ. ಒಂದೇ ಸಮ ಗಟ್ಟಿಯಾಗಿ ಒತ್ತಿ ಹಿಡಿಯಿರಿ.
- ಗಾಡಿ ಉರುಳುತ್ತಿರುವಾಗ ಕೀ ತೆಗೆಯಬೇಡಿ. ಸ್ಟೇರಿಂಗ್ ಲಾಕ್ ಆಗಬಹುದು.
- ನಾಲ್ಕೂ ಇಂಡಿಕೇಟರ್ ಹಾಕಿ, ಎಡಬದಿಗೆ ತನ್ನಿ. ನಿಂತ ಮೇಲೆ ಹ್ಯಾಂಡ್ ಬ್ರೇಕ್ ಹಾಕಿ, ಹಿಂದೆ ಸ್ವಲ್ಪ ದೂರದಲ್ಲಿ ತ್ರಿಕೋನ ರಿಫ್ಲೆಕ್ಟರ್ ಇಡಿ.
- ನ್ಯೂಟ್ರಲ್ ಮಾಡಿ ಸೆಲ್ಫ್ ಹೊಡೆಯಿರಿ. ಒಂದು ಸಲಕ್ಕೆ ಹತ್ತು ಸೆಕೆಂಡ್ ಮೀರಬೇಡಿ, ನಡುವೆ ಬಿಡುವು ಕೊಡಿ.

ಇಂಥ ಗಾಡಿಯನ್ನು ರಿಪೇರಿ ಆಗುವವರೆಗೆ ಚಾರ್ಮಾಡಿ, ಶಿರಾಡಿಯಂಥ ಘಾಟಿಗೆ ಇಳಿಸಲೇಬೇಡಿ. ಇಳಿಜಾರಿನ ತಿರುವಿನಲ್ಲಿ ಬ್ರೇಕ್, ಸ್ಟೇರಿಂಗ್ ಎರಡರ ನೆರವೂ ಒಟ್ಟಿಗೆ ಹೋದರೆ ಅಪಾಯ ಕಟ್ಟಿಟ್ಟ ಬುತ್ತಿ.

ಹೇಗೆ ನಿಂತಿತು? ಅದೇ ಮೊದಲ ಸುಳಿವು

ಪೆಟ್ರೋಲ್ ಎಂಜಿನ್‌ಗೆ ಬೇಕಾದ್ದು ಮೂರು: ಇಂಧನ, ಗಾಳಿ, ಕಿಡಿ. ಡೀಸೆಲ್‌ಗೆ ಕಿಡಿ ಬೇಡ, ಆದರೆ ಇಂಧನದ ಒತ್ತಡ ಸರಿಯಾಗಿರಬೇಕು. ಯಾವುದು ತಪ್ಪಿತು ಅನ್ನೋದು ನಿಲ್ಲುವ ರೀತಿಯಲ್ಲೇ ಗೊತ್ತಾಗುತ್ತದೆ.

1. ಕೀ ತಿರುಗಿಸಿದ ಹಾಗೆ ಥಟ್ಟನೆ ಆಫ್: ಇದು ಹೆಚ್ಚಾಗಿ ಕರೆಂಟಿನ ತೊಂದರೆ. ಡ್ಯಾಶ್‌ಬೋರ್ಡಿನ ಲೈಟುಗಳೂ ಒಟ್ಟಿಗೆ ಆರಿದರೆ ಬ್ಯಾಟರಿ ಟರ್ಮಿನಲ್, ಅರ್ಥ್ ವೈರ್, ಇಗ್ನಿಷನ್ ಸ್ವಿಚ್ ನೋಡಿಸಿ. ಟರ್ಮಿನಲ್ ಕೈಯಲ್ಲಿ ಅಲ್ಲಾಡಿದರೆ, ಅಥವಾ ಬಿಳಿ-ಹಸಿರು ಪುಡಿ ಕಟ್ಟಿದ್ದರೆ ಮೊದಲು ಅದನ್ನೇ ಉಜ್ಜಿ ಬಿಗಿ ಮಾಡಿಸಿ.

2. ಉಸಿರು ಕಟ್ಟಿದ ಹಾಗೆ ಜರ್ಕ್ ಹೊಡೆದು ಆಫ್: ಇಂಧನ ಸಾಲುತ್ತಿಲ್ಲ ಎಂದರ್ಥ. ಏರಿನಲ್ಲಿ, ಲೋಡ್ ಇದ್ದಾಗ ಜಾಸ್ತಿ ಕಾಣುತ್ತದೆ. ಫ್ಯೂಯೆಲ್ ಫಿಲ್ಟರ್, ಪಂಪ್, ಪಂಪಿನ ರಿಲೇ ಪರೀಕ್ಷಿಸಬೇಕು. ಪೆಟ್ರೋಲ್ ಗಾಡಿಯಲ್ಲಿ ಕೀ ಆನ್ ಮಾಡಿದಾಗ ಹಿಂದಿನ ಸೀಟಿನ ಕೆಳಗಿಂದ ಒಂದೆರಡು ಸೆಕೆಂಡ್ 'ಗುಂಯ್' ಎಂಬ ಸದ್ದು ಬರುತ್ತದೆ. ನಿಂತ ಕೂಡಲೇ ಕೀ ಆನ್ ಮಾಡಿ ಕಿವಿಗೊಡಿ. ಸದ್ದಿಲ್ಲದಿದ್ದರೆ ಪಂಪಿನ ಕಡೆಗೆ ಕರೆಂಟ್ ಹೋಗುತ್ತಿದೆಯೇ ಎಂದು ಮೊದಲು ನೋಡಿಸಿ, ಪಂಪ್ ಬದಲಿಸೋದು ಆಮೇಲಿನ ಮಾತು.

3. ಬಿಸಿಯಾದಾಗ ಆಫ್, ತಣ್ಣಗಾದ ಮೇಲೆ ಸ್ಟಾರ್ಟ್: ಗ್ಯಾರೇಜಿನಲ್ಲಿ ಸಿಕ್ಕಿಬೀಳದ ತೊಂದರೆ ಇದೇ. ಹೆಚ್ಚು ಅನುಮಾನ ಕ್ರ್ಯಾಂಕ್ ಸೆನ್ಸರ್ ಮೇಲೆ. ಎಂಜಿನ್ ತಿರುಗುತ್ತಿದೆ ಎಂದು ಕಂಪ್ಯೂಟರಿಗೆ ತಿಳಿಸುವ ಸಣ್ಣ ಭಾಗ ಇದು. ಒಳಗಿನ ಸುರುಳಿ ಹಾಳಾಗಿದ್ದರೆ ಕಾವಿಗೆ ಸಂಪರ್ಕ ಕಡಿದು, ತಣ್ಣಗಾದಾಗ ಮತ್ತೆ ಕೂಡುತ್ತದೆ. ಸಿಗ್ನಲ್ ಬರದಿದ್ದರೆ ಕಂಪ್ಯೂಟರ್ ಇಂಧನ, ಕಿಡಿ ಎರಡನ್ನೂ ನಿಲ್ಲಿಸುತ್ತದೆ. ಸೆಲ್ಫ್ ಹೊಡೆಯುವಾಗ ಆರ್‌ಪಿಎಂ ಮುಳ್ಳು ಸ್ವಲ್ಪವೂ ಅಲ್ಲಾಡದಿದ್ದರೆ ಹಲವು ಗಾಡಿಗಳಲ್ಲಿ ಅದು ಇದರದೇ ಗುರುತು. ಇಗ್ನಿಷನ್ ಕಾಯಿಲ್, ಫ್ಯೂಯೆಲ್ ಪಂಪ್ ಕೂಡ ಕಾವಿಗೆ ಹೀಗೆ ಆಡಬಹುದು. ಇದೇ ಹೊತ್ತಿಗೆ ಟೆಂಪರೇಚರ್ ಮುಳ್ಳು ಮೇಲೇರಿದ್ದರೆ ವಿಷಯವೇ ಬೇರೆ: ಗಾಡಿ ಓವರ್‌ಹೀಟ್ ಆಗಿದೆ. ಬಿಸಿ ರೇಡಿಯೇಟರ್ ಮುಚ್ಚಳ ತೆರೆಯಬೇಡಿ.

4. ಸಿಗ್ನಲ್‌ನಲ್ಲಿ, ಹಂಪ್‌ನಲ್ಲಿ, ಕ್ಲಚ್ ಒತ್ತಿದಾಗ ಆಫ್: ಥ್ರಾಟಲ್ ಬಾಡಿಯಲ್ಲಿ ಮಸಿ ಕಟ್ಟಿರಬಹುದು, ಇಲ್ಲವೇ ಐಡಲ್ ವಾಲ್ವ್ ಅಂಟಿರಬಹುದು. ಬಿಸಿ ಎಂಜಿನ್ ಐಡಲ್‌ನಲ್ಲಿ ಸಾಮಾನ್ಯವಾಗಿ 700ರಿಂದ 900 ಆರ್‌ಪಿಎಂ ಇರುತ್ತದೆ. ಮುಳ್ಳು ಅದಕ್ಕಿಂತ ಕೆಳಗಿಳಿದು ಒದ್ದಾಡಿದರೆ ಸ್ಪ್ರೇ ಹಾಕಿ ಕ್ಲೀನ್ ಮಾಡಿಸಿ. ಗಾಳಿಯ ಪೈಪ್ ಬಿರುಕು ಬಿಟ್ಟಿದ್ದರೂ ಹೀಗಾಗುತ್ತದೆ.

5. ಮಳೆಯಲ್ಲಿ ಮಾತ್ರ ಆಫ್: ಪ್ಲಗ್ ವೈರ್, ಕಾಯಿಲ್, ಕನೆಕ್ಟರ್‌ಗಳಲ್ಲಿ ತೇವ. ಇಲಿ ಕಡಿದ ವೈರನ್ನೂ ಹುಡುಕಿಸಿ. ಗೋದಾಮಿನ ಪಕ್ಕ ನಿಲ್ಲುವ ಗಾಡಿಗಳಿಗೆ ಇಲಿ ಕಾಟ ಹೊಸದಲ್ಲ.

6. ಬಂಕಿನಿಂದ ಹೊರಟ ಸ್ವಲ್ಪ ಹೊತ್ತಿಗೆ ಆಫ್: ಇಂಧನದಲ್ಲಿ ನೀರು ಇರಬಹುದು. ಎಥನಾಲ್ ಬೆರೆತ ಪೆಟ್ರೋಲಿಗೆ ನೀರು ಹೆಚ್ಚು ಸೇರಿದರೆ ಎಥನಾಲ್ ಮತ್ತು ನೀರು ಬೇರ್ಪಟ್ಟು ತಳಕ್ಕೆ ಇಳಿಯುತ್ತವೆ. ಪಂಪ್ ಎಳೆಯೋದು ತಳದಿಂದಲೇ. ಬಿಲ್ ಇಟ್ಟುಕೊಳ್ಳಿ. ಫಿಲ್ಟರ್ ಪೇಪರ್ ಪರೀಕ್ಷೆಯನ್ನು ಬಂಕಿನಲ್ಲಿ ಕೇಳಿ ಮಾಡಿಸಿಕೊಳ್ಳುವುದು ಗ್ರಾಹಕರ ಹಕ್ಕು. ಆದರೆ ಪೇಪರ್ ತೋರಿಸೋದು ಕಲಬೆರಕೆಯ ಕಲೆಯನ್ನು. ನೀರಿನ ಅನುಮಾನವಿದ್ದರೆ ಟ್ಯಾಂಕಿನ ತಳದ ಸ್ಯಾಂಪಲನ್ನು ಗಾಜಿನ ಬಾಟಲಿಗೆ ತೆಗೆಸಿ, ಪದರ ಕಟ್ಟುತ್ತದೆಯೇ ನೋಡಿ. ಇನ್ನೊಂದು ಕಾರಣ, ಆಟೋ ಕಟ್ ಆದ ಮೇಲೂ ಕತ್ತಿನವರೆಗೆ ತುಂಬಿಸೋದು. ಹಾಗೆ ಮಾಡಿದರೆ ಪೆಟ್ರೋಲ್ ಆವಿ ಹೀರುವ ಡಬ್ಬಿಗೆ ನುಗ್ಗಿ ಎಂಜಿನ್ ಕಟ್ಟಿಹಾಕುತ್ತದೆ.

ಡೀಸೆಲ್ ಮತ್ತು ಗ್ಯಾಸ್ ಗಾಡಿಯವರಿಗೆ

ಡೀಸೆಲ್ ಪಿಕಪ್ ಇಟ್ಟುಕೊಂಡವರು ಮೊದಲು ಡೀಸೆಲ್ ಫಿಲ್ಟರ್ ನೋಡಬೇಕು. ಅದರ ತಳದಲ್ಲಿ ನೀರು ಇಳಿಸುವ ಸ್ಕ್ರೂ ಇರುತ್ತದೆ. ಫಿಲ್ಟರ್ ಬದಲಿಸಿದ ಮೇಲೆಯೇ ತೊಂದರೆ ಶುರುವಾಗಿದ್ದರೆ ಪೈಪಿನಲ್ಲಿ ಗಾಳಿ ಸೇರಿರುವ ಸಾಧ್ಯತೆ ಹೆಚ್ಚು. ಕಾಮನ್ ರೈಲ್ ಎಂಜಿನ್‌ನಲ್ಲಿ ಒತ್ತಡ ತುಂಬಾ ಜಾಸ್ತಿ, ರಸ್ತೆಬದಿಯಲ್ಲಿ ಪೈಪ್ ನಟ್ ಸಡಿಲಿಸೋ ಸಾಹಸ ಬೇಡ.

ಗ್ಯಾಸ್ ಕಿಟ್ ಇದ್ದರೆ ಪರೀಕ್ಷೆ ಸುಲಭ. ಎರಡು ದಿನ ಪೆಟ್ರೋಲಿನಲ್ಲೇ ಓಡಿಸಿ. ಆಗ ನಿಲ್ಲದಿದ್ದರೆ ತೊಂದರೆ ಇರೋದು ಗ್ಯಾಸಿನ ಕಡೆ ಎಂದು ಧೈರ್ಯವಾಗಿ ಹೇಳಬಹುದು.

ಮೀಟರ್ ಮತ್ತು ಸ್ಕ್ಯಾನರ್

ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಸಿಗುವ ಮಲ್ಟಿಮೀಟರ್ ಸಾಕು. ಎಂಜಿನ್ ಆಫ್ ಇದ್ದಾಗ ಚೆನ್ನಾಗಿ ಚಾರ್ಜ್ ಆದ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸಬೇಕು, ಎಂಜಿನ್ ಓಡುವಾಗ ಸಾಮಾನ್ಯವಾಗಿ 13.5ರಿಂದ 14.5ರೊಳಗೆ. ಓಡುವಾಗಲೂ 12ರ ಹತ್ತಿರವೇ ಇದ್ದರೆ ಆಲ್ಟರ್ನೇಟರ್ ಚಾರ್ಜ್ ಮಾಡುತ್ತಿಲ್ಲ. ಹೊಸ ಬ್ಯಾಟರಿ ಹಾಕಿದರೂ ಗಾಡಿ ಮತ್ತೆ ನಿಲ್ಲುತ್ತದೆ.

ಈಚಿನ ಕಾರುಗಳಲ್ಲಿ ಸ್ಟೇರಿಂಗ್ ಕೆಳಗೆ 16 ಪಿನ್ನಿನ ಸಾಕೆಟ್ ಇರುತ್ತದೆ. ಸ್ಕ್ಯಾನರ್ ಹಾಕಿದರೆ ಕೋಡ್ ಬರುತ್ತದೆ. ಪಿ0335 ಬಂದರೆ ಕ್ರ್ಯಾಂಕ್ ಸೆನ್ಸರ್ ಸರ್ಕ್ಯೂಟ್, ಪಿ0340 ಆದರೆ ಕ್ಯಾಮ್ ಸೆನ್ಸರ್ ಸರ್ಕ್ಯೂಟ್, ಪಿ0087 ಆದರೆ ಇಂಧನದ ಒತ್ತಡ ಕಡಿಮೆ. ಕೋಡ್ ಬಂತು ಎಂದ ಮಾತ್ರಕ್ಕೆ ಆ ಪಾರ್ಟೇ ಹಾಳು ಎಂದಲ್ಲ. ಅದರ ವೈರ್, ಕನೆಕ್ಟರ್ ಕೂಡ ಇರಬಹುದು. ಕೋಡ್ ಅಳಿಸುವ ಮೊದಲು ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳಿ. ಬ್ಯಾಟರಿ ವೈರ್ ಬಿಚ್ಚಿದರೂ ಎಷ್ಟೋ ಗಾಡಿಗಳಲ್ಲಿ ಕೋಡ್ ಅಳಿಸಿಹೋಗುತ್ತದೆ, ನೆನಪಿರಲಿ.

ಮೆಕ್ಯಾನಿಕ್‌ಗೆ ಇದನ್ನು ಬರೆದು ಕೊಡಿ

- ಸ್ಟಾರ್ಟ್ ಮಾಡಿ ಎಷ್ಟು ಹೊತ್ತಿಗೆ ನಿಂತಿತು? ಎಂಜಿನ್ ಬಿಸಿ ಇತ್ತೇ?
- ಥಟ್ಟನೆ ನಿಂತಿತೇ, ಜರ್ಕ್ ಹೊಡೆದು ನಿಂತಿತೇ?
- ಯಾವ ಲೈಟ್ ಹತ್ತಿತು, ಯಾವುದು ಆರಿತು?
- ಟ್ಯಾಂಕಿನಲ್ಲಿ ಎಷ್ಟಿತ್ತು? ಕೊನೆಯ ಸಲ ಹಾಕಿಸಿದ್ದು ಯಾವಾಗ?
- ಎಷ್ಟು ನಿಮಿಷದ ಮೇಲೆ ಮತ್ತೆ ಸ್ಟಾರ್ಟ್ ಆಯಿತು?

ಖರ್ಚು ಹಿಡಿತದಲ್ಲಿರಬೇಕಾದರೆ

ಅಗ್ಗದಿಂದ ದುಬಾರಿ ಕಡೆಗೆ ಹೋಗಿ: ಟರ್ಮಿನಲ್, ಅರ್ಥ್, ಫ್ಯೂಸ್, ರಿಲೇ, ಫಿಲ್ಟರ್, ಥ್ರಾಟಲ್ ಕ್ಲೀನಿಂಗ್, ಆಮೇಲೆ ಸೆನ್ಸರ್, ಕೊನೆಗೆ ಪಂಪ್. 'ಇಸಿಎಂ ಹೋಗಿದೆ' ಎಂದು ಮೊದಲ ದಿನವೇ ಹೇಳಿದರೆ ಯಾವ ಪರೀಕ್ಷೆ ಮಾಡಿ ಗೊತ್ತಾಯಿತು ಎಂದು ಕೇಳಿ, ಬೇರೆ ಕಡೆಯೂ ತೋರಿಸಿ. ಒಂದು ಸಲಕ್ಕೆ ಒಂದೇ ಪಾರ್ಟ್ ಬದಲಿಸಿ, ನಾಲ್ಕು ದಿನ ಊರೊಳಗೇ ಓಡಿಸಿ ನೋಡಿ. ತೆಗೆದ ಹಳೇ ಪಾರ್ಟನ್ನು ಕೇಳಿ ಪಡೆಯಿರಿ. ಟ್ಯಾಂಕನ್ನು ಸದಾ ರಿಸರ್ವ್‌ನಲ್ಲೇ ಓಡಿಸಬೇಡಿ. ಟ್ಯಾಂಕಿನೊಳಗಿನ ಪಂಪನ್ನು ತಂಪಾಗಿಡುವುದು ಅದರ ಸುತ್ತಲಿನ ಪೆಟ್ರೋಲೇ.