ಕಾಂಕ್ರೀಟಿನ ಬಿರುಕು ಮತ್ತು ಗಾಳಿಯ ತೆರೆ

ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡುವ ಮೊದಲು ಹೊಟ್ಟೆಗೆ ಜೆಲ್ ಸವರುವುದನ್ನು ನೀವು ನೋಡಿರಬಹುದು. ಏಕೆ ಗೊತ್ತೆ? ಉಪಕರಣಕ್ಕೂ ಚರ್ಮಕ್ಕೂ ನಡುವೆ ತೆಳುವಾದ ಗಾಳಿಯ ಪದರ ಉಳಿದರೂ ಸಾಕು, ಶ್ರವಣಾತೀತ ಅಲೆಗಳು ಬಹುಪಾಲು ಅಲ್ಲಿಂದಲೇ ಪ್ರತಿಫಲಿಸುತ್ತವೆ. ಕಾಂಕ್ರೀಟಿನ ಬಿರುಕು ಹುಡುಕುವ ವಿದ್ಯೆಯ ಇತಿಹಾಸವೂ ಈ ಗಾಳಿಯೊಡನೆ ನಡೆದ ಸೆಣಸಾಟವೇ.

ಲೋಹದೊಳಗಿನ ದೋಷಗಳನ್ನು ಶ್ರವಣಾತೀತ ಅಲೆಗಳಿಂದ ಪತ್ತೆಹಚ್ಚಬಹುದೆಂದು 1928ರಲ್ಲಿ ಸೂಚಿಸಿದವರು ಸೋವಿಯತ್ ವಿಜ್ಞಾನಿ ಸೊಕೊಲೊವ್. ಆದರೆ ಲೋಹಕ್ಕೆ ಹೊಂದುವ ಅಲೆ ಕಾಂಕ್ರೀಟಿಗೆ ಹೊಂದದು. ಸೆಕೆಂಡಿಗೆ 50 ಲಕ್ಷ ಬಾರಿ ಕಂಪಿಸುವ ಅಲೆಯ ಉದ್ದ ಕಾಂಕ್ರೀಟಿನಲ್ಲಿ 1 ಮಿಲಿಮೀಟರಿಗೂ ಕಡಿಮೆ. ಅದು ಜಲ್ಲಿಕಲ್ಲುಗಳಿಗೆ ತಾಗಿ ಚದರಿಹೋಗುತ್ತದೆ.

ಕೆನಡದ ಒಂಟಾರಿಯೊ ಜಲವಿದ್ಯುತ್ ಸಂಸ್ಥೆಗೆ ತನ್ನ ಅಣೆಕಟ್ಟುಗಳ ಬಿರುಕುಗಳ ಆಳ ತಿಳಿಯಬೇಕಿತ್ತು. ಅಲ್ಲಿನ ಲೆಸ್ಲಿ ಮತ್ತು ಚೀಸ್‌ಮನ್ 'ಸೋನಿಸ್ಕೋಪ್' ಎಂಬ ಉಪಕರಣ ರೂಪಿಸಿ, 1949ರಲ್ಲಿ ಅದರ ವಿವರ ಪ್ರಕಟಿಸಿದರು. ಅದು ಬಳಸಿದ್ದು ಸುಮಾರು 20 ಕಿಲೋಹರ್ಟ್ಸ್ ಆವೃತ್ತಿಯ ಅಲೆ. ಉದ್ದ ಸುಮಾರು 20 ಸೆಂಟಿಮೀಟರ್. ಇಂಥ ಅಲೆ ಜಲ್ಲಿಯನ್ನು ಲೆಕ್ಕಿಸದೆ 15 ಮೀಟರಿನಷ್ಟು ಕಾಂಕ್ರೀಟನ್ನು ಹಾಯಬಲ್ಲದು. ಬಿರುಕು ಅಡ್ಡ ಬಂದರೆ ಅದರ ತುದಿಯನ್ನು ಬಳಸಿಕೊಂಡು ತಡವಾಗಿ ತಲಪುತ್ತದೆ. ಎಷ್ಟು ತಡವೆಂದು ತಿಳಿದರೆ ಬಿರುಕಿನ ಆಳವೂ ತಿಳಿಯುತ್ತದೆ.

ಈ ಬಗೆಯ ಪರೀಕ್ಷೆಯಲ್ಲಿ ಪ್ರತಿ ಬಿಂದುವಿನಲ್ಲೂ ಗ್ರೀಸ್ ಸವರಿ ಉಪಕರಣವನ್ನು ಒತ್ತಿ ಹಿಡಿಯಬೇಕು. ಉದ್ದನೆಯ ಸೇತುವೆಗೆ ಇದೆಷ್ಟು ಶ್ರಮ! ಮುಟ್ಟದೆಯೇ ಅಲೆ ಕಳಿಸಲಾಗದೆ? ಲೆಕ್ಕ ಹಾಕಿ ನೋಡೋಣ. ಸಾಂದ್ರತೆಯನ್ನು ಧ್ವನಿವೇಗದಿಂದ ಗುಣಿಸಿದರೆ ಕಾಂಕ್ರೀಟಿಗೆ 2400 × 4000, ಅಂದರೆ 96 ಲಕ್ಷ, ಗಾಳಿಗೆ 1.2 × 340, ಅಂದರೆ ಕೇವಲ 408. ಈ ಅಗಾಧ ಅಂತರದಿಂದಾಗಿ, ನೇರವಾಗಿ ಬಿದ್ದ ಅಲೆಯ ಶಕ್ತಿಯಲ್ಲಿ ಸುಮಾರು 6000ಕ್ಕೆ 1 ಪಾಲಷ್ಟೇ ಒಳಹೋಗುತ್ತದೆ. ಹೊರಬರುವಾಗ ಮತ್ತೆ ಅಷ್ಟೇ ನಷ್ಟ. ಕೊನೆಗೆ ಉಳಿಯುವುದು ಸುಮಾರು 3.5 ಕೋಟಿಯಲ್ಲಿ 1 ಪಾಲು!

2000ದ ದಶಕದ ಆರಂಭದಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಝು ಮತ್ತು ಪೊಪೊವಿಕ್ಸ್ ಅರ್ಧ ದಾರಿಯ ಉಪಾಯವೊಂದನ್ನು ತೋರಿಸಿದರು. ಕಾಂಕ್ರೀಟನ್ನು ಸಣ್ಣಗೆ ತಟ್ಟಿದರೆ ಮೇಲ್ಮೈ ಅಲೆ ಹರಡುತ್ತದೆ. ಹರಡುತ್ತಲೇ ತುಸು ಗಾಳಿಗೂ ಸೋರುತ್ತದೆ. ಆ ಸೋರಿಕೆಯನ್ನು ಮೇಲೆ ಹಿಡಿದ ಮೈಕ್ರೊಫೋನ್ ಮುಟ್ಟದೆಯೇ ಕೇಳಿಸಿಕೊಳ್ಳುತ್ತದೆ. ದಾರಿಯಲ್ಲಿ ಬಿರುಕಿದ್ದರೆ ಅಲೆ ಕುಗ್ಗಿರುತ್ತದೆ. ತಟ್ಟುವ ಬದಲು ಲೇಸರ್ ಮಿಡಿತವನ್ನೋ ಗಾಳಿಯಲ್ಲಿ ಅಲೆ ಹೊಮ್ಮಿಸುವ ಪ್ರೇಷಕವನ್ನೋ ಬಳಸಿದರೆ ಪರೀಕ್ಷೆ ಪೂರ್ತಿ ಸ್ಪರ್ಶರಹಿತವಾಗುತ್ತದೆ.

ಒಂದು ಸ್ವಾರಸ್ಯ ಗಮನಿಸಿ. ಅಲೆಯನ್ನು ಒಳಬಿಡದೆ ಕಾಡುವುದು ಗಾಳಿ. ಬಿರುಕನ್ನು ತೋರಿಸಿಕೊಡುವುದೂ ಬಿರುಕಿನೊಳಗಿನ ಗಾಳಿಯೇ. ಹಾಗಾದರೆ ಬಿರುಕಿನಲ್ಲಿ ನೀರು ತುಂಬಿದ್ದರೆ? ಅಲೆ ನೀರನ್ನು ಸುಲಭವಾಗಿ ದಾಟಿ, ಬಿರುಕು ಕಣ್ತಪ್ಪಿಸಿಕೊಳ್ಳಬಹುದು. ಅಣೆಕಟ್ಟಿನಲ್ಲಿ ಹಾಗಾದರೆ ಏನು ಗತಿ ಎಂಬುದನ್ನು ನಿಮ್ಮ ತರಗತಿಯಲ್ಲಿ ಚರ್ಚಿಸಿ.