ತಂತಿಯನ್ನು ಕತ್ತರಿಸದೆ ವಿದ್ಯುತ್ ಅಳೆಯುವ ಸಿ.ಟಿ.: ಮನೆಯ ಪಂಪಿನಿಂದ ಎಲ್ಲೂರು ಸ್ಥಾವರದವರೆಗೆ

ಕಾಪು ತಾಲೂಕಿನ ಎಲ್ಲೂರಿನಲ್ಲಿರುವ ಉಷ್ಣ ವಿದ್ಯುತ್ ಸ್ಥಾವರದಲ್ಲಿ ತಲಾ 600 ಮೆಗಾವ್ಯಾಟ್‌ನ ಎರಡು ಘಟಕಗಳಿವೆ. ಅಲ್ಲಿ ಉತ್ಪಾದನೆಯಾಗುವ ವಿದ್ಯುತ್ 400 ಕೆ.ವಿ. ಮಾರ್ಗದಲ್ಲಿ ಹಾಸನದತ್ತ, 220 ಕೆ.ವಿ. ಮಾರ್ಗದಲ್ಲಿ ಕಾರ್ಕಳದ ಕೇಮಾರು ಉಪಕೇಂದ್ರದತ್ತ ಸಾಗುತ್ತದೆ. ಒಂದು ಘಟಕದ ಪೂರ್ಣ ಉತ್ಪಾದನೆ ಒಂದೇ 400 ಕೆ.ವಿ. ಮಾರ್ಗದಲ್ಲಿ ಹರಿಯಿತೆಂದು ಭಾವಿಸಿದರೆ ಪ್ರತಿ ಫೇಸ್‌ನಲ್ಲಿ ಸುಮಾರು 866 ಆಂಪಿಯರ್ ಪ್ರವಾಹವಿರುತ್ತದೆ. ಇಷ್ಟು ದೊಡ್ಡ ಪ್ರವಾಹವನ್ನು ನೇರವಾಗಿ ಮೀಟರಿಗೆ ಹಾಯಿಸುವುದು ಅಸಾಧ್ಯ. ಅಲ್ಲಿ ನೆರವಿಗೆ ಬರುವ ಸಾಧನವೇ ಕರೆಂಟ್ ಟ್ರಾನ್ಸ್‌ಫಾರ್ಮರ್. ವಿದ್ಯುತ್ ಇಲಾಖೆಯ ಆಡುಮಾತಿನಲ್ಲಿ ಇದು 'ಸಿ.ಟಿ.'. ರಸ್ತೆ ಬದಿಯ ಟಿ.ಸಿ., ಅಂದರೆ ವಿತರಣಾ ಪರಿವರ್ತಕ, ಬೇರೆ, ಈ ಸಿ.ಟಿ. ಬೇರೆ.

ಕೆಲಸ ಮಾಡುವ ಬಗೆ

ಪರ್ಯಾಯ ವಿದ್ಯುತ್ ಪ್ರವಾಹ ಹರಿಯುವ ಪ್ರತಿಯೊಂದು ತಂತಿಯ ಸುತ್ತಲೂ ಕಾಂತಕ್ಷೇತ್ರವಿರುತ್ತದೆ. ನಮ್ಮಲ್ಲಿ ಪ್ರವಾಹದ ಆವರ್ತನ 50 ಹರ್ಟ್ಸ್ ಆದ್ದರಿಂದ ಈ ಕ್ಷೇತ್ರ ಸೆಕೆಂಡಿಗೆ 100 ಬಾರಿ ದಿಕ್ಕು ಬದಲಿಸುತ್ತದೆ. ತಂತಿಯ ಸುತ್ತ ಕಬ್ಬಿಣದ ಮಿಶ್ರಲೋಹದ ಬಳೆಯಾಕಾರದ ತಿರುಳನ್ನಿಟ್ಟು, ಅದಕ್ಕೆ ತೆಳುವಾದ ತಾಮ್ರದ ತಂತಿಯನ್ನು ಸುತ್ತಿದರೆ, ಬದಲಾಗುವ ಕಾಂತಕ್ಷೇತ್ರವು ಆ ಸುರುಳಿಯಲ್ಲಿ ಪ್ರವಾಹವನ್ನು ಪ್ರೇರಿಸುತ್ತದೆ. ಮೈಕೆಲ್ ಫ್ಯಾರಡೆ 1831ರಲ್ಲಿ ಕಂಡುಕೊಂಡ ನಿಯಮವೇ ಇದರ ತಳಹದಿ.

ಸುರುಳಿಯ ಸುತ್ತುಗಳು ಹೆಚ್ಚಿದಷ್ಟೂ ಅದರಲ್ಲಿ ಹರಿಯುವ ಪ್ರವಾಹ ಕಡಿಮೆ. ತಿರುಳಿನ ನಡುವೆ ಒಂದೇ ತಂತಿ ಹಾದುಹೋಗಿ, ಸುರುಳಿಯಲ್ಲಿ 40 ಸುತ್ತುಗಳಿದ್ದರೆ, 200 ಆಂಪಿಯರ್ ಪ್ರವಾಹಕ್ಕೆ ಸುರುಳಿಯಲ್ಲಿ 5 ಆಂಪಿಯರ್ ಬರುತ್ತದೆ. ಇದನ್ನು 200/5 ಸಿ.ಟಿ. ಎನ್ನುತ್ತಾರೆ. ದ್ವಿತೀಯಕ ಪ್ರವಾಹವು ರೂಢಿಯಲ್ಲಿ 5 ಅಥವಾ 1 ಆಂಪಿಯರ್. ಏಕಮುಖ ಪ್ರವಾಹದ ಕಾಂತಕ್ಷೇತ್ರ ಬದಲಾಗದ ಕಾರಣ ಸಿ.ಟಿ. ಅದನ್ನು ಅಳೆಯಲಾರದು. ಛಾವಣಿಯ ಸೌರಫಲಕಗಳಿಂದ ಇನ್‌ವರ್ಟರಿಗೆ ಬರುವ ತಂತಿಗೆ ಹಾಲ್ ಪರಿಣಾಮ ಆಧರಿಸಿದ ಸಂವೇದಕವೇ ಬೇಕು.

ಬಿಲ್ಲಿನಲ್ಲಿ ಅಡಗಿರುವ ಗುಣಕ

ಸಾಮಾನ್ಯ ಮನೆಗಳಲ್ಲಿ ಪೂರ್ಣ ಪ್ರವಾಹ ಮೀಟರಿನ ಮೂಲಕವೇ ಹಾದುಹೋಗುತ್ತದೆ. ಮಲ್ಪೆಯ ಮಂಜುಗಡ್ಡೆ ಘಟಕ, ಕಾರ್ಕಳ ಪರಿಸರದ ಗೇರುಬೀಜ ಕಾರ್ಖಾನೆ, ಮಣಿಪಾಲದ ಬಹುಮಹಡಿ ಕಟ್ಟಡಗಳಂತಹ ದೊಡ್ಡ ಬಳಕೆಯ ಕಡೆಗಳಲ್ಲಿ ಮೂರು ಫೇಸ್‌ಗಳಿಗೂ ಸಿ.ಟಿ. ಅಳವಡಿಸಿ ಮೀಟರ್ ಜೋಡಿಸಲಾಗುತ್ತದೆ. ಆಗ ಮೀಟರ್ ತೋರಿಸುವ ಅಂಕಿಯನ್ನು ಒಂದು ಗುಣಕದಿಂದ ಗುಣಿಸಬೇಕು. 200/5 ಸಿ.ಟಿ.ಗೆ 5 ಆಂಪಿಯರ್ ಮೀಟರ್ ಜೋಡಿಸಿದ್ದರೆ ಗುಣಕ 40. ತಿಂಗಳ ರೀಡಿಂಗ್ ವ್ಯತ್ಯಾಸ 150 ಆಗಿದ್ದರೆ ನಿಜವಾದ ಬಳಕೆ 6,000 ಯೂನಿಟ್. ಮೀಟರೇ 100/5 ಅನುಪಾತಕ್ಕೆ ರೂಪಿತವಾಗಿದ್ದರೆ ಅದೇ ಸಿ.ಟಿ.ಗೆ ಗುಣಕ ಕೇವಲ 2. ಬದಲಾಯಿಸಿದ ಸಿ.ಟಿ.ಯ ಅನುಪಾತ ದಾಖಲೆಗೆ ಸೇರದೆ ಹೋದರೆ ಗ್ರಾಹಕನಿಗೋ ವಿತರಣಾ ಕಂಪೆನಿಗೋ ತಿಂಗಳುಗಟ್ಟಲೆ ನಷ್ಟ ತಪ್ಪದು.

ಜೋಡಣೆಯ ತಪ್ಪುಗಳೂ ಅಷ್ಟೇ ದುಬಾರಿ. ಮೂರು ಫೇಸ್‌ಗಳಲ್ಲಿ ಸಮಾನ ಹೊರೆ ಇರುವಾಗ ಒಂದು ಸಿ.ಟಿ.ಯ ಸಂಪರ್ಕ ತಪ್ಪಿದರೆ ದಾಖಲಾಗುವುದು ಮೂರರಲ್ಲಿ ಎರಡು ಪಾಲು ಮಾತ್ರ. ಒಂದನ್ನು ತಿರುವುಮುರುವಾಗಿ ಕೂರಿಸಿದರೆ, ದಿಕ್ಕನ್ನು ಲೆಕ್ಕಕ್ಕೆ ಹಿಡಿಯುವ ಮೀಟರಿನಲ್ಲಿ ಮೂರರಲ್ಲಿ ಒಂದು ಪಾಲಷ್ಟೇ ಉಳಿಯುತ್ತದೆ. ಸಿ.ಟಿ.ಯ ಮೇಲೆ ಪಿ1, ಪಿ2 ಹಾಗೂ ಎಸ್1, ಎಸ್2 ಎಂಬ ಗುರುತುಗಳಿರುವುದು ಇದೇ ಕಾರಣಕ್ಕೆ.

ನಿಖರತೆಯ ವರ್ಗ

ಅಳತೆಗೆ ಬಳಸುವ ಸಿ.ಟಿ.ಗಳಿಗೆ 0.2, 0.5, 0.5ಎಸ್ ಮುಂತಾದ ವರ್ಗಗಳಿವೆ. 0.5 ವರ್ಗವೆಂದರೆ ಪೂರ್ಣ ಪ್ರವಾಹದಲ್ಲಿ ದೋಷ ಶೇ. 0.5ನ್ನು ಮೀರಬಾರದು. ಪ್ರವಾಹ ತೀರಾ ಇಳಿದಾಗ ದೋಷ ಏರುತ್ತದೆ. 'ಎಸ್' ಇರುವ ವರ್ಗದಲ್ಲಿ ಪೂರ್ಣ ಪ್ರವಾಹದ ಶೇ. 1ರವರೆಗೂ ದೋಷಕ್ಕೆ ಮಿತಿ ನಿಗದಿಯಾಗಿದೆ. ಕರಾವಳಿಯಲ್ಲಿ ಇದಕ್ಕೆ ವಿಶೇಷ ಅರ್ಥವಿದೆ. ಜೂನ್, ಜುಲೈ ತಿಂಗಳ ಯಾಂತ್ರಿಕ ಮೀನುಗಾರಿಕೆ ನಿಷೇಧದ ಅವಧಿಯಲ್ಲಿ ಮಂಜುಗಡ್ಡೆಗೆ ಬೇಡಿಕೆ ಕುಸಿಯುತ್ತದೆ; ಋತುವಿನ ಭರಾಟೆಗೆಂದು ಆರಿಸಿದ ದೊಡ್ಡ ಸಿ.ಟಿ. ಆಗ ಅತ್ಯಲ್ಪ ಪ್ರವಾಹವನ್ನು ಅಳೆಯಬೇಕಾಗುತ್ತದೆ.

ಉಪಕೇಂದ್ರಗಳ ರಕ್ಷಣಾ ರಿಲೇಗಳಿಗೆ ಬೇರೆಯೇ ವರ್ಗದ ಸಿ.ಟಿ. ಬೇಕು. 5ಪಿ20 ಎಂದು ಬರೆದಿದ್ದರೆ, ಸಿಡಿಲು ಬಡಿದೋ ಮರ ಬಿದ್ದೋ ಪ್ರವಾಹ 20 ಪಟ್ಟು ಏರಿದರೂ ದೋಷ ಶೇ. 5ರೊಳಗೆ ಇರುತ್ತದೆ ಎಂದರ್ಥ.

ಟಿ.ಸಿ. ಸುಡುವ ಮೊದಲು

ಹಳ್ಳಿಯ 100 ಕೆ.ವಿ.ಎ. ಪರಿವರ್ತಕವು 433 ವೋಲ್ಟ್‌ನಲ್ಲಿ ಪ್ರತಿ ಫೇಸ್‌ಗೆ ಸುಮಾರು 133 ಆಂಪಿಯರ್ ಕೊಡಬಲ್ಲದು. ಬೇಸಗೆಯ ಸಂಜೆ ಅದರ ಮೂರು ಫೇಸ್‌ಗಳಲ್ಲಿ 160, 90 ಮತ್ತು 60 ಆಂಪಿಯರ್ ಹರಿಯುತ್ತಿದೆ ಎನ್ನೋಣ. ಸರಾಸರಿ 103 ಆಂಪಿಯರ್, ಮೇಲ್ನೋಟಕ್ಕೆ ತೊಂದರೆಯಿಲ್ಲ. ಆದರೆ ಒಂದು ಫೇಸ್ ಮಿತಿ ಮೀರಿದೆ, ನ್ಯೂಟ್ರಲ್ ತಂತಿಯಲ್ಲೂ ಸುಮಾರು 89 ಆಂಪಿಯರ್ ವೃಥಾ ಹರಿಯುತ್ತಿದೆ. ಆ ಫೇಸ್‌ನ ಮನೆಗಳಲ್ಲಿ ದೀಪ ಮಂಕಾಗುತ್ತದೆ, ಸುರುಳಿ ಕಾದು ಪರಿವರ್ತಕ ಸುಡುವ ಅಪಾಯವೂ ಇದೆ. ಪ್ರತಿ ಫೇಸ್‌ಗೆ ಸಿ.ಟಿ. ಇಟ್ಟು ಅಳೆದರೆ ಮಾತ್ರ ಈ ಅಸಮತೋಲನ ಕಣ್ಣಿಗೆ ಬೀಳುತ್ತದೆ. ಕೆಲವು ಮನೆಗಳ ಸಂಪರ್ಕವನ್ನು ಬೇರೆ ಫೇಸ್‌ಗೆ ವರ್ಗಾಯಿಸುವುದೇ ಇದಕ್ಕೆ ಮದ್ದು.

ಮನೆಮಟ್ಟದ ಅಳತೆ

ಎಲೆಕ್ಟ್ರಿಷಿಯನ್‌ಗಳ ಕೈಯಲ್ಲಿರುವ ಕ್ಲಾಂಪ್ ಮೀಟರ್ ಬಾಯಿ ತೆರೆಯುವ ಸಿ.ಟಿ.ಯೇ. ಅದರೊಳಗೆ ಒಂದೇ ತಂತಿ ಇರಬೇಕು. ಫೇಸ್ ಮತ್ತು ನ್ಯೂಟ್ರಲ್ ಎರಡನ್ನೂ ಸೇರಿಸಿ ಹಿಡಿದರೆ ಹೋಗುವ ಮತ್ತು ಮರಳುವ ಪ್ರವಾಹಗಳ ಕಾಂತಕ್ಷೇತ್ರಗಳು ಪರಸ್ಪರ ರದ್ದಾಗಿ ಸೊನ್ನೆ ಕಾಣುತ್ತದೆ. ಸೊನ್ನೆ ಬಾರದಿದ್ದರೆ ಪ್ರವಾಹ ನೆಲಕ್ಕೆ ಸೋರುತ್ತಿದೆ ಎಂದೇ ತಿಳಿಯಬೇಕು. ಮನೆಯ ಆರ್.ಸಿ.ಸಿ.ಬಿ. 30 ಮಿಲಿ ಆಂಪಿಯರ್ ಸೋರಿಕೆಗೆ ಪೂರೈಕೆ ಕಡಿದು ಜೀವ ಉಳಿಸುವುದು ಇದೇ ತತ್ವದಿಂದ. ಮಳೆಗಾಲದಲ್ಲಿ ಬಾವಿಯ ಪಂಪು, ತೋಟದ ಒದ್ದೆ ನೆಲ ಇರುವ ಊರುಗಳಲ್ಲಿ ಇದರ ಬೆಲೆ ಹೇಳಬೇಕಾಗಿಲ್ಲ. ಪ್ರವಾಹ ತೀರಾ ಚಿಕ್ಕದಿದ್ದರೆ ತಂತಿಯನ್ನು ಐದು ಬಾರಿ ಸುತ್ತಿ ಅಳೆದು, ಬಂದ ಅಂಕಿಯನ್ನು 5ರಿಂದ ಭಾಗಿಸಬಹುದು.

ವಿದ್ಯಾರ್ಥಿಗಳೂ ಹವ್ಯಾಸಿಗಳೂ ಬಳಸುವ ಸೀಳು ತಿರುಳಿನ ಸಂವೇದಕಗಳಲ್ಲಿ 100 ಆಂಪಿಯರಿಗೆ 50 ಮಿಲಿ ಆಂಪಿಯರ್ ಕೊಡುವ ಬಗೆ ಪ್ರಚಲಿತವಾಗಿದೆ. ಅದಕ್ಕೆ 20 ಓಮ್‌ನ ರೋಧಕ ಜೋಡಿಸಿದರೆ 1 ವೋಲ್ಟ್ ದೊರೆಯುತ್ತದೆ. ಅದನ್ನು ಮೈಕ್ರೊಕಂಟ್ರೋಲರ್ ಓದಬಲ್ಲದು. ತಿರುಳಿನ ಎರಡು ಹೋಳುಗಳ ನಡುವೆ ತುಕ್ಕು, ಧೂಳು ಸೇರಿದರೆ ಅಳತೆ ಕೆಡುತ್ತದೆ. ಉಪ್ಪುಗಾಳಿಯ ಕಡಲತೀರದಲ್ಲಿ ಈ ಎಚ್ಚರ ಅಗತ್ಯ. ಪ್ರವಾಹ ಮಾತ್ರ ಅಳೆದರೆ ಬಿಲ್ಲಿನ ಲೆಕ್ಕ ಸಿಗದು ಎಂಬುದೂ ನೆನಪಿರಬೇಕು. 230 ವೋಲ್ಟ್‌ನಲ್ಲಿ 7 ಆಂಪಿಯರ್ ಸೆಳೆಯುವ ಪಂಪಿನ ತೋರಿಕೆಯ ಶಕ್ತಿ 1,610 ವಿ.ಎ. ಪವರ್ ಫ್ಯಾಕ್ಟರ್ 0.8 ಇದ್ದರೆ ನಿಜವಾದ ಬಳಕೆ 1,288 ವ್ಯಾಟ್. ಇದಕ್ಕಾಗಿ ವೋಲ್ಟೇಜನ್ನೂ ಜತೆಗೆ ಅಳೆಯಬೇಕು. 2023ರಲ್ಲಿ ಆರಂಭವಾದ ಗೃಹಜ್ಯೋತಿ ಯೋಜನೆಯು ತಿಂಗಳಿಗೆ 200 ಯೂನಿಟ್‌ಗಳ ಗಡಿ ಹಾಕಿದ ಬಳಿಕ, ಯಾವ ಉಪಕರಣ ಎಷ್ಟು ಉಣ್ಣುತ್ತದೆ ಎಂಬ ಲೆಕ್ಕಕ್ಕೆ ಮನೆಗಳಲ್ಲೂ ಮಹತ್ವ ಬಂದಿದೆ.

ಮರೆಯಬಾರದ ನಿಯಮ

ತಂತಿಯಲ್ಲಿ ಪ್ರವಾಹವಿರುವಾಗ ಸಿ.ಟಿ.ಯ ದ್ವಿತೀಯಕ ಸುರುಳಿಯನ್ನು ಎಂದಿಗೂ ತೆರೆದಿಡಬಾರದು. ಸುರುಳಿಯಲ್ಲಿ ಹರಿಯುವ ಪ್ರವಾಹವೇ ತಿರುಳಿನ ಕಾಂತತ್ವವನ್ನು ಹಿಡಿತದಲ್ಲಿಟ್ಟಿರುತ್ತದೆ. ಅದು ಕಡಿದುಹೋದರೆ ಮುಖ್ಯ ತಂತಿಯ ಪೂರ್ಣ ಬಲ ತಿರುಳಿನ ಮೇಲೆರಗಿ, ದೊಡ್ಡ ಸಿ.ಟಿ.ಗಳ ತುದಿಗಳಲ್ಲಿ ಸಾವಿರಾರು ವೋಲ್ಟ್ ಚಿಮ್ಮಬಹುದು. ನಿರೋಧಕ ಪದರ ಸುಟ್ಟುಹೋಗಬಹುದು, ಮುಟ್ಟಿದವರ ಪ್ರಾಣಕ್ಕೂ ಸಂಚಕಾರ. ಆದಕಾರಣ ಸಿ.ಟಿ.ಯ ದ್ವಿತೀಯಕಕ್ಕೆ ಫ್ಯೂಸ್ ಹಾಕುವುದಿಲ್ಲ. ಮೀಟರ್ ಕಳಚುವ ಮುನ್ನ ಎಸ್1, ಎಸ್2 ತುದಿಗಳನ್ನು ಶಾರ್ಟ್ ಮಾಡುವುದು ಕಡ್ಡಾಯ. ಸಾಧ್ಯವಿದ್ದಲ್ಲಿ ಮಾರ್ಗದ ಪೂರೈಕೆಯನ್ನೇ ಕಡಿದು ಕೆಲಸಕ್ಕಿಳಿಯುವುದು ಎಲ್ಲಕ್ಕಿಂತ ಕ್ಷೇಮ.